ಶನಿವಾರದ ಅಣಕು ವಾರ್ತೆ: ಪೋಷಕರಿಗೆ ಒಂದು ಪತ್ರ

ಎಂಟು, ಒಂಬತ್ತು, ಹತ್ತನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಒಂಬತ್ತನೇ ತರಗತಿಯ ಮಕ್ಕಳು ಆಡಿದ ಅಣಕು ವಾರ್ತೆಯ ವಿಡಿಯೊ ನಿಮ್ಮಲ್ಲಿ ಬಹಳ ಜನರ ಮೊಬೈಲಿಗೆ ಬಂದಿರುತ್ತದೆ. ಅದು ಯಾವ ಗ್ರೂಪಿನಿಂದ ಯಾವ ಗ್ರೂಪಿಗೆ ಹೋಯಿತು ಅಂತ ಹುಡುಕುತ್ತಾ ಕೂರುವ ಆಸೆ ನನಗಿಲ್ಲ. ಆದರೆ ಅವತ್ತಿನಿಂದ ಶಾಲೆಯ ಫೋನಿಗೆ ಬಿಡುವಿಲ್ಲ. ಕೆಲವರು ಸಿಟ್ಟಿನಲ್ಲಿ ಮಾತಾಡಿದಿರಿ, ಕೆಲವರು ಕಾಳಜಿಯಲ್ಲಿ. ಒಬ್ಬ ತಾಯಿ "ಮೇಡಂ, ನಿಮಗ್ಯಾಕೆ ಬೇಕಿತ್ತು ಇದೆಲ್ಲ?" ಅಂತ ಅಕ್ಕರೆಯಿಂದಲೇ ಕೇಳಿದರು. ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಅಂತ ಈ ಪತ್ರ.

ವಿಡಿಯೊದಲ್ಲಿ ಇರುವುದು ಒಂದು ತುಣುಕು ಮಾತ್ರ. ನಡೆದದ್ದು ಇಷ್ಟು. ಒಬ್ಬ ಹುಡುಗ ಮರದ ಸ್ಕೇಲನ್ನೇ ಮೈಕ್ ಮಾಡಿಕೊಂಡು "ಬ್ರೇಕಿಂಗ್ ನ್ಯೂಸ್" ಅಂತ ಕೂಗಿದ. ಶಾಲೆ ಮುಂದಿನ ರಸ್ತೆಯ ಗುಂಡಿಗೆ ಮೂರನೇ ಸಲ ಗುದ್ದಲಿ ಪೂಜೆ! ನಾಯಕರ ಪಾತ್ರದವನು ಶಾಲು ಹೊದ್ದು ಬಂದು ಗುಂಡಿಗೇ ಹಾರ ಹಾಕಿದ. "ಈ ಗುಂಡಿ ನನ್ನ ಬಹುದಿನದ ಕನಸು" ಅಂದ. ಒಬ್ಬಳು ಅವನಿಗೆ ಛತ್ರಿ ಹಿಡಿದಿದ್ದಳು. ಚಪ್ಪಾಳೆ ತಟ್ಟುತ್ತಿದ್ದ ಅಭಿಮಾನಿ ಹಿಂದೆ ಹಿಂದೆ ಸರಿದು ಗುಂಡಿಗೆ ಬಿದ್ದ. ಬಿದ್ದವನಿಗೆ ಸ್ಥಳದಲ್ಲೇ ಪರಿಹಾರ ಘೋಷಣೆಯಾಯಿತು. ಮಕ್ಕಳು ನಕ್ಕರು. ನಾನೂ ನಕ್ಕೆ. ವಿಡಿಯೊ ಅಲ್ಲಿಗೆ ನಿಲ್ಲುತ್ತದೆ.

ತರಗತಿ ಅಲ್ಲಿಗೆ ನಿಲ್ಲಲಿಲ್ಲ. ಸಮಾಜ ವಿಜ್ಞಾನದ ಮೇಡಂ ಬೋರ್ಡಿನ ಮೇಲೆ "ಈ ರಸ್ತೆ ಯಾರದು?" ಅಂತ ಬರೆದರು. ಪುರಸಭೆ ಅಂದರು, ಎಂಎಲ್‌ಎ ಅಂದರು, ಒಬ್ಬ ನೇರವಾಗಿ ಪ್ರಧಾನಮಂತ್ರಿ ಅಂದ. ಅಷ್ಟು ಹೊತ್ತು ಹೊಟ್ಟೆ ಹಿಡಿದುಕೊಂಡು ನಕ್ಕ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಸೋಮವಾರ ಮಕ್ಕಳು ಮೇಡಂ ಜೊತೆ ಪುರಸಭೆಗೆ ಹೋದರು. "ನಮ್ಮದಲ್ಲ, ಪಿಡಬ್ಲ್ಯುಡಿದು" ಅಂದರು. ಈಗ ಪಿಡಬ್ಲ್ಯುಡಿ ಆಫೀಸಿಗೆ ಅರ್ಜಿ ಹೋಗಿದೆ. ಸೀಲು ಬಿದ್ದ ಪ್ರತಿ ನೋಟಿಸ್ ಬೋರ್ಡಿನಲ್ಲಿದೆ, ಬಂದವರು ನೋಡಬಹುದು. ಗುಂಡಿ ಮಾತ್ರ ಇನ್ನೂ ಹಾಗೇ ಇದೆ. ಮಕ್ಕಳನ್ನು ಬೈಕಿನಲ್ಲಿ ಬಿಡುವವರು ದಯವಿಟ್ಟು ಎಡಕ್ಕೆ ಬನ್ನಿ.

ಪಾಠದ ಸಮಯ ಹಾಳಾಗುತ್ತದೆ ಅನ್ನುವ ದೂರಿಗೆ ಉದ್ದ ಉತ್ತರ ಬೇಡ. ಇದು ಶನಿವಾರದ ಕೊನೆಯ ಅವಧಿ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಾಗ ಇರುವುದಿಲ್ಲ. ಮಿಮಿಕ್ರಿ ಯಾಕೆ ಅಂದವರಿಗೆ, ಪ್ರತಿಭಾ ಕಾರಂಜಿಯಲ್ಲಿ ಅದೂ ಒಂದು ಸ್ಪರ್ಧೆ ಅನ್ನುವುದನ್ನು ನೆನಪಿಸುತ್ತೇನೆ. ಇನ್ನು "ನಮ್ಮ ನಾಯಕರನ್ನೇ ಗುರಿ ಮಾಡಿದ್ದಾರೆ" ಅನ್ನುವ ಮಾತು. ಮಕ್ಕಳು ಯಾರ ಹೆಸರನ್ನೂ ಹೇಳಿಲ್ಲ. ಆದರೂ ಮೂರೂ ಪಕ್ಷದ ಕಡೆಯಿಂದ ನನಗೆ ಫೋನ್ ಬಂತು, ಮೂವರೂ "ಅದು ನಮ್ಮವರೇ" ಅಂದರು. ನಾನೇನು ಹೇಳಲಿ?

ಆದರೆ ಒಂದು ಪ್ರಶ್ನೆಯನ್ನು ಹೀಗೆ ತಳ್ಳಿಹಾಕಲು ಆಗುವುದಿಲ್ಲ. ಬೇರೆ ಬೇರೆ ಮಾತಿನಲ್ಲಿ ನೀವೆಲ್ಲ ಕೇಳಿದ್ದು ಅದನ್ನೇ. ನಾಯಕರನ್ನು ನೋಡಿ ನಗುತ್ತಲೇ ಬೆಳೆದ ಮಗು ನಾಳೆ ವೋಟು ಹಾಕುತ್ತದಾ? "ಎಲ್ಲರೂ ಅಷ್ಟೇ ಬಿಡು" ಅಂತ ಮನೆಯಲ್ಲಿ ಕೂತುಬಿಡುವುದಿಲ್ಲವಾ?

ಒಳ್ಳೆಯ ಪ್ರಶ್ನೆ. ನನಗೂ ಇದೆ. ಆದರೆ ಈ ನಗುವನ್ನು ಶಾಲೆ ಹುಟ್ಟಿಸಿದ್ದಲ್ಲ. ರಾತ್ರಿ ಊಟದ ಹೊತ್ತಿಗೆ ನ್ಯೂಸ್ ಚಾನೆಲ್ ಹಾಕಿ ನೋಡಿ. ನಾಯಕರು ಕಣ್ಣೀರು ಒರೆಸಿಕೊಂಡರೆ ಹಿಂದೆ ಸಿನಿಮಾ ಹಾಡು. ತೊದಲಿದರೆ ಅದೇ ತುಣುಕು ಹತ್ತು ಸಲ. ಪಕ್ಷ ಬಿಟ್ಟರೆ ಕಾರ್ಟೂನು, ರೆಸಾರ್ಟಿಗೆ ಹೋದರೆ ಡ್ಯಾನ್ಸು. ಮಗು ತಟ್ಟೆ ಹಿಡಿದುಕೊಂಡು ನಿಮ್ಮ ಪಕ್ಕದಲ್ಲೇ ಕೂತಿರುತ್ತದೆ, ನೀವು ನಕ್ಕಾಗ ಅದೂ ನಗುತ್ತದೆ. ಇದನ್ನು ದೂರು ಅಂತ ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಅದೇ ಕಥೆ.

2019ರ ಲೋಕಸಭಾ ಚುನಾವಣೆ ನೆನಪಿದೆಯಲ್ವಾ? "ಎಲ್ಲಿದ್ದೀಯಪ್ಪಾ" ಅನ್ನುವ ಮಾತು. ಯಾರು ಯಾರಿಗೆ ಅಂದದ್ದು ಅಂತ ನಮ್ಮ ಮಂಡ್ಯ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಟಿವಿಯಲ್ಲಿ, ಮೊಬೈಲಿನಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ಅದೇ. ಹಾಜರಿ ಕೂಗುವಾಗ ಮಕ್ಕಳು ಹಿಂದಿನಿಂದ ಅದನ್ನೇ ಕೂಗುತ್ತಿದ್ದರು. ಆ ಏಪ್ರಿಲ್ 18ರಂದು ಮಂಡ್ಯದಲ್ಲಿ ನೂರಕ್ಕೆ ಸುಮಾರು 80 ಜನ ವೋಟು ಹಾಕಿದರು. ಅದೇ ದಿನ ಬೆಂಗಳೂರು ದಕ್ಷಿಣದಲ್ಲೂ ಮತದಾನ ಇತ್ತು. ಅಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ, ಅಷ್ಟೇ. ಜೋಕು ಎರಡೂ ಕಡೆ ಒಂದೇ. ಎರಡೂ ಕಡೆ ಜನ ಚೆನ್ನಾಗಿಯೇ ನಕ್ಕಿದ್ದರು. ಇಲ್ಲಿನ ಜಿದ್ದಾಜಿದ್ದಿ ಬೇರೆ, ಊರಿನ ಹಂಗು ಬೇರೆ, ಪಟ್ಟಿಯಲ್ಲಿ ಹೆಸರು ಇರುವುದು ಇಲ್ಲದಿರುವುದು ಬೇರೆ. ನಗು ಯಾರನ್ನೂ ಬೂತಿಗೆ ಎಳೆದು ತರಲಿಲ್ಲ, ಬೂತಿಗೆ ಹೊರಟವರನ್ನು ತಡೆಯಲೂ ಇಲ್ಲ. ನಾನು ನೋಡಿದಷ್ಟು ಇಷ್ಟೇ.

ಅಮೆರಿಕದಲ್ಲಿ ಇದನ್ನು ಅಧ್ಯಯನ ಮಾಡಿಯೇ ನೋಡಿದ್ದಾರೆ. ಜಾನ್ ಸ್ಟೀವರ್ಟ್ ಅನ್ನುವ ನಗೆಗಾರ ಟಿವಿಯಲ್ಲಿ ನಡೆಸುತ್ತಿದ್ದ ಅಣಕು ಸುದ್ದಿಯ ತುಣುಕುಗಳನ್ನು ಕಾಲೇಜು ಹುಡುಗರಿಗೆ ತೋರಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ನೋಡಿದವರಿಗೆ ಅಭ್ಯರ್ಥಿಗಳ ಮೇಲೆ, ಚುನಾವಣೆಯ ಮೇಲೆ ನಂಬಿಕೆ ಕಡಿಮೆಯಾಗಿತ್ತು. ನಿಮ್ಮ ಆತಂಕ ಸುಮ್ನೆ ಅಲ್ಲ ಅಂತ ಆಯಿತು. ಆದರೆ ಅವರಿಗೇ "ರಾಜಕೀಯ ನನಗೆ ಅರ್ಥವಾಗುತ್ತದೆ" ಅನ್ನುವ ಧೈರ್ಯ ಹೆಚ್ಚಿತ್ತು. ಒಂದೇ ಕಾರ್ಯಕ್ರಮ, ಒಬ್ಬನೇ ಹುಡುಗ. ನಂಬಿಕೆ ಇಳಿಯಿತು, ಧೈರ್ಯ ಏರಿತು. ಆ ಧೈರ್ಯವನ್ನು ಏನು ಮಾಡಬೇಕು ಅಂತ ನೋಡುವುದೇ ನನ್ನ ಕೆಲಸ, ಮೇಷ್ಟ್ರ ಕೆಲಸ.

2014ರ ಇನ್ನೊಂದು ಸಂಗತಿ. ಜಾನ್ ಆಲಿವರ್ ಅನ್ನುವ ನಗೆಗಾರ ಟಿವಿಯಲ್ಲಿ ಇಂಟರ್ನೆಟ್ ಕಂಪನಿಗಳನ್ನು ಕಾಲು ಗಂಟೆಯಷ್ಟು ಗೇಲಿ ಮಾಡಿದ. ಕೊನೆಗೆ, ನಿಮ್ಮ ಅಭಿಪ್ರಾಯವನ್ನು ಸರ್ಕಾರದ ಈ ಸಂಸ್ಥೆಗೆ ಬರೆಯಿರಿ ಅಂತ ಜಾಗ ತೋರಿಸಿದ. ಜನ ಎಷ್ಟು ಮುಗಿಬಿದ್ದರು ಅಂದರೆ ಆ ಸಂಸ್ಥೆಯ ವೆಬ್‌ಸೈಟು ತತ್ತರಿಸಿಹೋಯಿತು. ಮರುವರ್ಷ ನಮ್ಮ ದೇಶದಲ್ಲೂ ಅದೇ ವಿಷಯಕ್ಕೆ, ಅಂದರೆ ಇಂಟರ್ನೆಟ್ಟಿನಲ್ಲಿ ಎಲ್ಲ ವೆಬ್‌ಸೈಟಿಗೂ ಒಂದೇ ನ್ಯಾಯ ಇರಬೇಕು ಅನ್ನುವುದಕ್ಕೆ, ನಗೆಗಾರರು ವಿಡಿಯೊ ಮಾಡಿದರು. ಟಿವಿಗಲ್ಲ, ಯೂಟ್ಯೂಬಿಗೆ. ಬೇರೆ ಹೋರಾಟಗಾರರೂ ಸೇರಿಕೊಂಡರು. ಫೋನು, ಇಂಟರ್ನೆಟ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ಗೆ 10 ಲಕ್ಷಕ್ಕಿಂತ ಜಾಸ್ತಿ ಇಮೇಲ್ ಹೋದವು. 2016ರಲ್ಲಿ ಟ್ರಾಯ್ ಒಂದೊಂದು ವೆಬ್‌ಸೈಟಿಗೆ ಒಂದೊಂದು ದರ ಹಾಕುವುದನ್ನು ನಿಲ್ಲಿಸಿತು. ಇವರೆಲ್ಲ ನಗಿಸಿದ್ದಷ್ಟೇ ಅಲ್ಲ, ನಗಿಸಿದ ಮೇಲೆ ವಿಳಾಸ ಕೊಟ್ಟರು. ನಮ್ಮ ಟಿವಿಯ ಸಂಜೆಯ ಕಾರ್ಯಕ್ರಮಗಳಲ್ಲಿ ಇಲ್ಲದಿರುವುದು ಅದೇ. ನಾಯಕರ ನಡಿಗೆ ಸಿಗುತ್ತದೆ, ಆಫೀಸಿನ ವಿಳಾಸ ಸಿಗುವುದಿಲ್ಲ.

ಹಾಗಂತ ವಿಳಾಸ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ನಿಮ್ಮ ತಂದೆ, ಅಜ್ಜಂದಿರು ಟಿಕೆಟ್ ಕೊಂಡು ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನೋಡಿದವರು. ಹಿರಣ್ಣಯ್ಯನವರು ರಂಗದ ಮೇಲೆ ನಿಂತು ಅಧಿಕಾರದಲ್ಲಿ ಇದ್ದವರನ್ನೇ ಝಾಡಿಸುತ್ತಿದ್ದರು. ಟೆಂಟು ಬಿರಿಯುವ ಹಾಗೆ ಜನ ನಗುತ್ತಿದ್ದರು. ಹಾಗೆ ನಕ್ಕವರೇ ಬೆಳಗಾದರೆ ಖಾತೆ ಬದಲಾವಣೆಗೆ ಜೇಬಿಗೆ ಕೈ ಹಾಕುತ್ತಿದ್ದರು. ಲಂಚ ನಿಲ್ಲಲಿಲ್ಲ. ಆದರೆ ಆ ನಾಟಕ ನೋಡಿದ್ದರಿಂದ ಊರು ಕೆಟ್ಟಿತು ಅಂತ ನಿಮ್ಮ ಮನೆಯ ಹಿರಿಯರು ಯಾರಾದರೂ ಹೇಳಿದ್ದು ಉಂಟೇ? ನಾನಂತೂ ಕೇಳಿಲ್ಲ. ಅಮ್ಮ, ಅಜ್ಜಿ, ಮಕ್ಕಳು ಎಲ್ಲ ಒಟ್ಟಿಗೆ ಕೂತು ನೋಡುತ್ತಿದ್ದರು.

ಸರ್ಕಾರದ ದೂರದರ್ಶನವೇ 1989ರಲ್ಲಿ ಜಸ್ಪಾಲ್ ಭಟ್ಟಿಯವರ 'ಫ್ಲಾಪ್ ಶೋ' ತೋರಿಸಿತು. ಕಂಟ್ರಾಕ್ಟರು, ಟೆಲಿಫೋನ್ ಇಲಾಖೆ, ಪಿಎಚ್‌ಡಿ ಗೈಡು, ಯಾರನ್ನೂ ಬಿಡಲಿಲ್ಲ. ನನಗೆ ಹಿಂದಿ ಅರ್ಧ ತಿಳಿಯುತ್ತಿರಲಿಲ್ಲ, ಆದರೂ ನಗು ಬರುತ್ತಿತ್ತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದೂ ಅದೇ ವರ್ಷ. ಆ ಶೋ ನೋಡಿ ನಕ್ಕ ಹುಡುಗ ಹುಡುಗಿಯರೇ ಆಮೇಲೆ ವೋಟು ಹಾಕಿದವರು. ಭಟ್ಟಿಯವರಿಗೆ ನಿಧನದ ನಂತರ ಪದ್ಮಭೂಷಣ ಬಂತು, ಕೊಟ್ಟದ್ದು ಸರ್ಕಾರವೇ. ಉಕ್ರೇನಿನಲ್ಲಂತೂ ಟಿವಿ ಧಾರಾವಾಹಿಯಲ್ಲಿ ಅಧ್ಯಕ್ಷನ ಪಾತ್ರ ಮಾಡಿದ ಹಾಸ್ಯನಟ ಝೆಲೆನ್‌ಸ್ಕಿಯನ್ನೇ 2019ರಲ್ಲಿ ಜನ ನಿಜವಾದ ಅಧ್ಯಕ್ಷನನ್ನಾಗಿ ಮಾಡಿದರು. ಕೊನೆಯ ಸುತ್ತಿನಲ್ಲಿ ನೂರಕ್ಕೆ 73 ಮತ. ಆ ಧಾರಾವಾಹಿಯಲ್ಲಿ ಅವನು ಇತಿಹಾಸದ ಮೇಷ್ಟ್ರು. ಸಿಟ್ಟಿನಲ್ಲಿ ಬೈದದ್ದನ್ನು ಒಬ್ಬ ವಿದ್ಯಾರ್ಥಿ ಕದ್ದು ವಿಡಿಯೊ ಮಾಡಿ ಹರಿಬಿಟ್ಟದ್ದೇ ಅವನ ಚುನಾವಣೆಗೆ ದಾರಿಯಾಗುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ಹೇಳಿ ನನ್ನನ್ನು ಕಾಡಿಸುತ್ತಿದ್ದಾರೆ. ನಾನು ಯಾವ ಚುನಾವಣೆಗೂ ನಿಲ್ಲುವುದಿಲ್ಲ, ಗಾಬರಿಯಾಗಬೇಡಿ.

ಪೋಷಕರ ಸಭೆಯಲ್ಲಿ ಒಬ್ಬರು ಬೀದರಿನ ವಿಷಯ ಎತ್ತಿದರು. 2020ರಲ್ಲಿ ಅಲ್ಲಿನ ಶಾಲೆಯೊಂದರ ಮಕ್ಕಳ ನಾಟಕ ರಾಜದ್ರೋಹದ ಕೇಸಾಯಿತು. ಮುಖ್ಯ ಶಿಕ್ಷಕಿಯನ್ನೂ ಒಬ್ಬ ತಾಯಿಯನ್ನೂ ಬಂಧಿಸಿದರು. 2023ರಲ್ಲಿ ಹೈಕೋರ್ಟು ಆ ಕೇಸನ್ನು ರದ್ದು ಮಾಡಿತು. ರದ್ದಾಯಿತಲ್ಲ ಅಂತ ನಾನು ಹಗುರವಾಗಿ ಹೇಳುವುದಿಲ್ಲ. ಆ ಮೂರು ವರ್ಷ ಆ ಶಾಲೆಯವರು ಏನು ಪಟ್ಟರೋ ಅವರಿಗೇ ಗೊತ್ತು. ನಿಮ್ಮ ಮಗುವಿನ ಹೆಸರು ಯಾವ ಠಾಣೆಯ ಪುಸ್ತಕದಲ್ಲೂ ಬರಬಾರದು ಅನ್ನುವ ನಿಮ್ಮ ಹೆದರಿಕೆ ನನಗೂ ಇದೆ. ಅದಕ್ಕೇ ಈ ಅವಧಿಗೆ ಕಟ್ಟುಪಾಡು ಇದೆ. ಸ್ಕ್ರಿಪ್ಟನ್ನು ಮೊದಲು ಮೇಡಂ ಓದುತ್ತಾರೆ, ಆಮೇಲೆ ನಾನು. ಹೆಸರು ಇರಬಾರದು. ಮೈಬಣ್ಣ, ಕುಂಟುವುದು, ತೊದಲುವುದು, ಜಾತಿ, ಹೆಂಡತಿ ಮಕ್ಕಳು, ದೇವರು ಇವು ಯಾವುವೂ ಬರಬಾರದು. ಕೆಲಸವನ್ನು ನೋಡಿ ನಗಬಹುದು, ಮೈಯನ್ನು ನೋಡಿ ಅಲ್ಲ. ಟಿವಿಯವರು ಇದನ್ನು ಪಾಲಿಸುವುದಿಲ್ಲ, ನಮ್ಮ ಮಕ್ಕಳು ಪಾಲಿಸುತ್ತಾರೆ. ಹೊಸದಾಗಿ ಸೇರಿಸಿದ್ದು ಒಂದೇ: ವಿಳಾಸ ಇಲ್ಲದೆ ಅಣಕ ಇಲ್ಲ. ಯಾವ ಆಫೀಸು, ಯಾವ ಅಧಿಕಾರಿ, ಅರ್ಜಿ ಹೇಗೆ ಅನ್ನುವುದನ್ನು ಬರೆದು ತಂದ ಗುಂಪಿಗೆ ಮಾತ್ರ ಸ್ಟೇಜು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ ಅನ್ನುವುದು ಈಗ ನಮ್ಮ ಒಂಬತ್ತನೇ ತರಗತಿಗೆ ಬಾಯಿಪಾಠ.

ಇಷ್ಟಾದ ಮೇಲೂ ನಿಮಗೆ ಇಷ್ಟವಿಲ್ಲ ಅಂದರೆ ನನಗೆ ಬೇಸರವಿಲ್ಲ. ಮಕ್ಕಳು ನಿಮ್ಮವರು. ಪಾತ್ರ ಮಾಡುವುದು ಬೇಡ ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ, ಅದಕ್ಕೆ ಮಾರ್ಕ್ಸು ಕಡಿಮೆಯಾಗುವುದೂ ಇಲ್ಲ. ಆದರೆ "ಇದು ಯಾರದು?" ಅಂತ ಬೋರ್ಡಿನ ಮೇಲೆ ಬರೆದ ಮೇಲೆ ಎಲ್ಲ ಮಕ್ಕಳೂ ತರಗತಿಯಲ್ಲಿ ಇರಬೇಕು. ಅದು ಪಾಠ. ಅದರಿಂದ ಯಾರಿಗೂ ರಿಯಾಯಿತಿ ಇಲ್ಲ. ಅವಧಿಯನ್ನೇ ನಿಲ್ಲಿಸಿ ಅಂದವರಿಗೂ ನಯವಾಗಿಯೇ ಹೇಳುತ್ತೇನೆ, ನಿಲ್ಲಿಸುವುದಿಲ್ಲ. ನಾಲ್ಕು ವರ್ಷ ಕಳೆದರೆ ಇವರ ಕೈಗೆ ವೋಟರ್ ಕಾರ್ಡು ಬರುತ್ತದೆ. ಟಿವಿ ಅಲ್ಲಿಯವರೆಗೆ ಕಾಯುವುದಿಲ್ಲ.

ವಿಡಿಯೊ ಹರಿಬಿಟ್ಟ ಮಗುವಿಗೆ ಶಿಕ್ಷೆ ಕೊಟ್ಟಿಲ್ಲ. ಮಾತಾಡಿದ್ದೇವೆ, ಮುಗಿಯಿತು. ನಾಯಕರ ಪಾತ್ರ ಮಾಡಿದ ಹುಡುಗನನ್ನು ಬೀದಿಯಲ್ಲಿ ನಿಲ್ಲಿಸಿ ಯಾರೂ ದಬಾಯಿಸಬೇಡಿ. ಅವನು ಎರಡು ದಿನ ಶಾಲೆಗೆ ಬರಲು ಹಿಂಜರಿದ. ಏನಿದ್ದರೂ ನನ್ನ ಹತ್ತಿರ ಬನ್ನಿ.

ಡೈರಿಯಲ್ಲಿ ಅಂಟಿಸಿರುವ ಚೀಟಿಗೆ ಸಹಿ ಹಾಕಿ ಸೋಮವಾರ ಕಳಿಸಿ.

ಮುಂದಿನ ಶನಿವಾರ ಎಂಟನೇ ತರಗತಿಯವರು ಸಂಜೆ ಬಸ್ಸಿನ ಬಗ್ಗೆ ಅಣಕು ವಾರ್ತೆ ಓದುತ್ತಾರೆ. ಡಿಪೋ ಮ್ಯಾನೇಜರಿಗೆ ಬರೆದ ಅರ್ಜಿ ತಯಾರಿದೆ, ಬಸ್ಸಿನಲ್ಲಿ ಮಕ್ಕಳನ್ನು ಕಳಿಸುವವರು ನೀವೂ ಸಹಿ ಹಾಕಬಹುದು. ಹಿಂದಿನ ಬೆಂಚುಗಳು ನಿಮಗಾಗಿ ಖಾಲಿ ಇರುತ್ತವೆ. 11 ಗಂಟೆಗೆ ಶುರು. ಮೊಬೈಲನ್ನು ಆಫೀಸಿನಲ್ಲಿ ಕೊಟ್ಟು ಒಳಗೆ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ