ಅಪ್‌ಡೇಟ್ ಆದ ಮೇಲೆ ಇಂಟರ್ನೆಟ್ ಇಲ್ಲದೆ ತೆರೆಯದ ಲಿನಕ್ಸ್ ಕಂಪ್ಯೂಟರ್‌ಗಳು: ಶಿರಸಿಯಿಂದ ಒಂದು ದೂರು ಪತ್ರ

ಇವರಿಂದ:
ಕಾರ್ಯದರ್ಶಿ, ಗ್ರಾಮ ವಾಚನಾಲಯ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ

ಇವರಿಗೆ:
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಕಂಪನಿಯ ನೋಂದಾಯಿತ ಕಚೇರಿ

ವಿಷಯ: ನಿಮ್ಮಿಂದ ಖರೀದಿಸಿದ ನಾಲ್ಕು ಕಿರು ಕಂಪ್ಯೂಟರ್‌ಗಳು ಅಪ್‌ಡೇಟ್ ನಂತರ ಇಂಟರ್ನೆಟ್ ಇಲ್ಲದೆ ತೆರೆದುಕೊಳ್ಳದಿರುವುದು ಮತ್ತು ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಕೊಡಲು ನೀವು ನಿರಾಕರಿಸಿರುವುದು.

ಮಾನ್ಯರೇ,

ನಮ್ಮ ವಾಚನಾಲಯವು ಕಳೆದ ಬೇಸಿಗೆಯಲ್ಲಿ ನಿಮ್ಮ ಜಾಲತಾಣದ ಮೂಲಕ ನಾಲ್ಕು ಕಿರು ಕಂಪ್ಯೂಟರ್‌ಗಳನ್ನು ಕೊಂಡಿತು. ಲಿನಕ್ಸ್ ಆಧಾರಿತ ಯಂತ್ರ, ಇಂಟರ್ನೆಟ್ ಇಲ್ಲದ ಊರಿನಲ್ಲೂ ಕೆಲಸ ಮಾಡುತ್ತದೆ ಎಂದು ನಿಮ್ಮ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು (ಲಿನಕ್ಸ್ ಎಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆ). ಆ ಸಾಲನ್ನು ನಂಬಿ ಹಣ ಕಟ್ಟಿದೆವು. ಮಳೆಗಾಲ ಹಿಡಿಯುವ ಹೊತ್ತಿಗೆ ನೀವು ಕಳುಹಿಸಿದ ಅಪ್‌ಡೇಟ್ ಆ ಸಾಲನ್ನು ಸುಳ್ಳು ಮಾಡಿದೆ. ಈಗ ಯಂತ್ರ ಚಾಲೂ ಮಾಡಿದರೆ ಅದು ಮೊದಲು ನಿಮ್ಮ ಸರ್ವರ್ ಅನ್ನು ಹುಡುಕುತ್ತದೆ. ಸರ್ವರ್ ಸಿಕ್ಕಿ ಲಾಗಿನ್ ಆದರೆ ಮಾತ್ರ ಒಳಗೆ ಬಿಡುತ್ತದೆ. ಸಿಗದಿದ್ದರೆ ನಿಮ್ಮ ಲಾಂಛನವನ್ನು ತೋರಿಸುತ್ತಾ ಅಲ್ಲಿಯೇ ನಿಂತುಬಿಡುತ್ತದೆ. ಇಂಥದೊಂದು ಬದಲಾವಣೆ ಬರಲಿದೆ ಎಂದು ನೀವು ನಮಗೆ ತಿಳಿಸಲೂ ಇಲ್ಲ, ನಮ್ಮ ಒಪ್ಪಿಗೆ ಕೇಳಲೂ ಇಲ್ಲ.

ಇದು ನಿಮಗೆ ಸಣ್ಣ ತೊಂದರೆಯಾಗಿ ಕಾಣಬಹುದು. ಘಟ್ಟದ ಅಂಚಿನ ಮಳೆಗಾಲವನ್ನು ಕಂಡವರಿಗೆ ಹಾಗೆ ಕಾಣುವುದಿಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ವಿದ್ಯುತ್ ಲೈನಿನ ಮೇಲೆ ಮರ, ಟೊಂಗೆ ಬೀಳುತ್ತಲೇ ಇರುತ್ತವೆ. ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲಿ ಕಾಡು ಹೊಕ್ಕು ಸರಿಪಡಿಸಬೇಕು. ಅವರ ಶ್ರಮದಲ್ಲಿ ಕೊರತೆಯಿಲ್ಲ, ಆದರೂ ಕೆಲವೊಮ್ಮೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿ ಬರಿದಾಗಿ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ. ವಾಚನಾಲಯದ ಮಾಡಿನ ಮೇಲೆ ಸೋಲಾರ್ ಫಲಕ ಇದೆ. ಸಣ್ಣ ಅಡಾಪ್ಟರ್‌ನಲ್ಲಿ ನಡೆಯುವ ಕಂಪ್ಯೂಟರ್‌ಗೆ ಅದರ ವಿದ್ಯುತ್ತು ಧಾರಾಳ ಸಾಕು. ದೊಡ್ಡ ಯಂತ್ರ ಬಿಟ್ಟು ನಿಮ್ಮ ಕಿರು ಯಂತ್ರವನ್ನು ಆರಿಸಿದ್ದೇ ಈ ಕಾರಣಕ್ಕೆ.

ಮಕ್ಕಳು ಅದರಲ್ಲಿ ಏನು ಮಾಡುತ್ತಿದ್ದರು ಎಂಬುದನ್ನೂ ಹೇಳುತ್ತೇನೆ. ಕೀವಿಕ್ಸ್ ಎಂಬ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಟ್ಟಿದ್ದೆವು. ಅದನ್ನು ಓದಲು ಇಂಟರ್ನೆಟ್ ಬೇಕಿಲ್ಲ. ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಕೆ. ಪಿ. ರಾಯರ ಕೀಲಿವಿನ್ಯಾಸ ಬಳಸಿ ಕನ್ನಡ ಟೈಪ್ ಮಾಡುವುದನ್ನು ಹೈಸ್ಕೂಲಿನ ಮಕ್ಕಳು ಕಲಿಯುತ್ತಿದ್ದರು. ಚಿಕ್ಕವರಿಗೆ ಜಿಕಾಂಪ್ರಿ ಎಂಬ ಕಲಿಕೆಯ ಆಟಗಳ ತಂತ್ರಾಂಶ ಇತ್ತು. ಶಾಲೆಗೆ ಮಳೆಯ ರಜೆ ಕೊಟ್ಟ ದಿನಗಳಲ್ಲಿ ವಾಚನಾಲಯ ತುಂಬಿರುತ್ತಿತ್ತು. ಇವುಗಳಲ್ಲಿ ಯಾವುದೂ ನಿಮ್ಮ ಕಂಪನಿ ಮಾಡಿದ್ದಲ್ಲ, ಎಲ್ಲವೂ ಉಚಿತವಾಗಿ ಹಂಚಲಾದ ಮುಕ್ತ ತಂತ್ರಾಂಶಗಳು. ಅವೆಲ್ಲ ಇಂದಿಗೂ ಆ ಯಂತ್ರದೊಳಗೇ ಸರಿಯಾಗಿವೆ. ಅವುಗಳಿಗೂ ಮಕ್ಕಳಿಗೂ ನಡುವೆ ಅಡ್ಡ ನಿಂತಿರುವುದು ನಿಮ್ಮ ಲಾಗಿನ್ ಪರದೆ ಮಾತ್ರ.

ಇನ್ನೂ ಬೇಸರದ ಸಂಗತಿ ಎಂದರೆ, ಇಂಟರ್ನೆಟ್ ಮರಳಿ ಬಂದಾಗಲೂ ಲಾಗಿನ್ ಆಗುವುದಿಲ್ಲ. ಎಂಜಿನಿಯರಿಂಗ್ ಓದುತ್ತಿರುವ ನಮ್ಮೂರಿನ ಹುಡುಗಿಯೊಬ್ಬಳು ರಜೆಗೆ ಬಂದಾಗ ಕಾರಣವನ್ನು ಪತ್ತೆ ಮಾಡಿದಳು. ಯಂತ್ರದ ಹಿಂಬದಿಯಲ್ಲಿ ಅದರ ಒಳಗಿನ ಸಂದೇಶಗಳನ್ನು ಓದುವ ಸೀರಿಯಲ್ ಪಿನ್‌ಗಳು ಹೊರಗೇ ಇವೆ. ನಿಮ್ಮ ವಾರಂಟಿ ಸೀಲನ್ನು ನಾವು ಒಡೆದಿಲ್ಲ. ಆ ಪಿನ್‌ಗಳಿಗೆ ಯುಎಸ್‌ಬಿ ಅಡಾಪ್ಟರ್ ಜೋಡಿಸಿ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಬೂಟ್ ಲಾಗ್ (ಯಂತ್ರ ಚಾಲೂ ಆಗುವಾಗ ಬರೆದುಕೊಳ್ಳುವ ದಾಖಲೆ) ಓದಿದರೆ ಎಲ್ಲವೂ ಸ್ಪಷ್ಟವಾಗಿ ಬರೆದಿದೆ. ನಿಮ್ಮ ಬೋರ್ಡಿನಲ್ಲಿ ಬ್ಯಾಟರಿ ಇರುವ ಗಡಿಯಾರದ ಚಿಪ್ ಇಲ್ಲ. ಕರೆಂಟ್ ಹೋಗಿ ಬಂದರೆ ಯಂತ್ರದ ದಿನಾಂಕ 1970ರ ಜನವರಿ 1ಕ್ಕೆ ಮರಳುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು ಕಾಲವನ್ನು ಅಲ್ಲಿಂದಲೇ ಎಣಿಸುತ್ತವೆ. ಯಂತ್ರ ಆ ದಿನಾಂಕ ಹಿಡಿದುಕೊಂಡು ನಿಮ್ಮ ಸರ್ವರ್‌ಗೆ ಹೋಗುತ್ತದೆ. ಸರ್ವರ್‌ನ ಭದ್ರತಾ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ ಎಂದು ತಿಳಿದು ಸಂಪರ್ಕವನ್ನು ಕಡಿದುಕೊಳ್ಳುತ್ತದೆ. ಇಂಟರ್ನೆಟ್‌ನಿಂದ ಸರಿಯಾದ ಸಮಯ ಪಡೆಯುವ ಕೆಲಸವನ್ನು ನೀವು ಲಾಗಿನ್ ಆದ ನಂತರಕ್ಕೆ ಇಟ್ಟಿದ್ದೀರಿ. ಸಮಯ ಸರಿಯಾಗದೆ ಲಾಗಿನ್ ಇಲ್ಲ, ಲಾಗಿನ್ ಆಗದೆ ಸಮಯ ಸರಿಯಾಗುವುದಿಲ್ಲ. ನಿಮ್ಮ ಎಂಜಿನಿಯರ್‌ಗಳು ಒಮ್ಮೆ ತಂತಿ ಕಿತ್ತು ಹಾಕಿ ಪರೀಕ್ಷಿಸಿದ್ದರೆ ಇದು ಅಲ್ಲಿಯೇ ಕಣ್ಣಿಗೆ ಬೀಳುತ್ತಿತ್ತು. ನಿರಂತರ ಕರೆಂಟ್ ಮತ್ತು ಇಂಟರ್ನೆಟ್ ಇರುವ ಕೋಣೆಯಲ್ಲಿ ಕುಳಿತು ಹಳ್ಳಿಗೆ ಯಂತ್ರ ಮಾಡಿದ್ದರ ಫಲ ಇದು.

ಈ ಎಲ್ಲ ವಿವರವನ್ನು ನಿಮ್ಮ ಸಹಾಯವಾಣಿಗೆ ತಿಳಿಸಿದೆವು. ಯಂತ್ರಗಳನ್ನು ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ತನ್ನಿ ಎಂಬ ಉತ್ತರ ಬಂತು. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್. ನಮ್ಮಲ್ಲಿಗೆ ರೈಲೂ ಇಲ್ಲ. ನಾಲ್ಕು ಯಂತ್ರ ಹೊತ್ತು ಬಸ್ಸಿನಲ್ಲಿ ಹೋದರೂ ಅಲ್ಲಿನವರು ಮಾಡುವುದು ಅದೇ ಅಪ್‌ಡೇಟನ್ನು ಮತ್ತೆ ಹಾಕುವುದು. ಕೆಟ್ಟಿರುವುದು ಯಂತ್ರವಲ್ಲ, ನಿಮ್ಮ ತಂತ್ರಾಂಶ.

ಹಾಗಾದರೆ ನಾವೇ ಸರಿಪಡಿಸಿಕೊಳ್ಳುತ್ತೇವೆ, ಸೋರ್ಸ್ ಕೋಡ್ ಕೊಡಿ ಎಂದು ಕೇಳಿದೆವು. ಅದು ಕಂಪನಿಯ ವ್ಯಾಪಾರ ರಹಸ್ಯ ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬೂಟ್ ಲಾಗ್‌ನಲ್ಲಿ ಯಂತ್ರವನ್ನು ಚಾಲೂ ಮಾಡುವ ಯು-ಬೂಟ್, ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್, ಸಣ್ಣ ಸಲಕರಣೆಗಳ ಕಟ್ಟಾದ ಬಿಸಿಬಾಕ್ಸ್ ಈ ಮೂರೂ ಹೆಸರುಗಳು ಇವೆ. ಮೂರನ್ನೂ ಹಂಚುವುದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಎರಡನೆಯ ಆವೃತ್ತಿಯ ಅಡಿಯಲ್ಲಿ. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಕರ್ನಲ್ 1992ರಿಂದ ಇದೇ ಪರವಾನಗಿಯಲ್ಲಿದೆ. ಆ ಪರವಾನಗಿಯ ಮೂರನೆಯ ಕಲಮು ಹೇಳುವುದು ಇಷ್ಟು: ತಂತ್ರಾಂಶವನ್ನು ಮಾರುವವರು ಸೋರ್ಸ್ ಕೋಡನ್ನು ಜೊತೆಗೇ ಕೊಡಬೇಕು, ಇಲ್ಲವೇ ಕನಿಷ್ಠ ಮೂರು ವರ್ಷದವರೆಗೆ ಕೇಳಿದ ಯಾರಿಗಾದರೂ ಕಳುಹಿಸುವ ವೆಚ್ಚವನ್ನಷ್ಟೇ ಪಡೆದು ಕೊಡುತ್ತೇವೆ ಎಂದು ಬರೆದುಕೊಡಬೇಕು. ಸೋರ್ಸ್ ಕೋಡಿನಿಂದ ತಂತ್ರಾಂಶವನ್ನು ಕಟ್ಟುವುದಕ್ಕೂ ಸ್ಥಾಪಿಸುವುದಕ್ಕೂ ಬಳಸುವ ಸ್ಕ್ರಿಪ್ಟ್‌ಗಳೂ ಅದರಲ್ಲಿ ಸೇರುತ್ತವೆ. ನಿಮ್ಮ ಡಬ್ಬಿಯಲ್ಲಿ ಸೋರ್ಸ್ ಕೋಡೂ ಇರಲಿಲ್ಲ, ಅಂಥ ಪತ್ರವೂ ಇರಲಿಲ್ಲ. ಷರತ್ತು ಮುರಿದವರಿಗೆ ಆ ತಂತ್ರಾಂಶವನ್ನು ಹಂಚುವ ಹಕ್ಕೇ ಉಳಿಯುವುದಿಲ್ಲ ಎಂದು ನಾಲ್ಕನೆಯ ಕಲಮು ಹೇಳುತ್ತದೆ. ಅದರ ಮೇಲೆ ನೀವು ಸ್ವಂತವಾಗಿ ಬರೆದ ಆ್ಯಪ್‌ಗಳ ಸೋರ್ಸ್ ಕೋಡನ್ನು ನಾವು ಕೇಳುತ್ತಿಲ್ಲ. ಅದು ನಿಮ್ಮದೇ, ಇಟ್ಟುಕೊಳ್ಳಿ.

ನಮ್ಮ ಸೀಮೆಯ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಎಂಬುದಿದೆ. ತೋಟಕ್ಕೆ ಬೇಕಾದ ಸೊಪ್ಪನ್ನು ಅಲ್ಲಿಂದ ತರಬಹುದು. ಹಾಗೆಂದು ಬೆಟ್ಟವೇ ನನ್ನದು ಎಂದು ಮಾರುವಂತಿಲ್ಲ. ಲಿನಕ್ಸ್ ಅನ್ನು ಬಳಸಿ ನೀವು ಲಾಭ ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಸಾವಿರಾರು ಜನ ಸೇರಿ ಬೆಳೆಸಿದ್ದನ್ನು ನಿಮ್ಮ ರಹಸ್ಯ ಎನ್ನುವುದಕ್ಕೆ ಮಾತ್ರ ಅಡ್ಡಿಯಿದೆ.

ಕೊಟ್ಟರೆ ನಷ್ಟವಾಗುತ್ತದೆ ಎಂಬ ಭಯವಿದ್ದರೆ ಅದನ್ನು ಬಿಡಿ. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರ್‌ನೊಳಗೆ ಲಿನಕ್ಸ್ ಇರುವುದು 2003ರಲ್ಲಿ ಬೆಳಕಿಗೆ ಬಂದು, ಅದರ ಸೋರ್ಸ್ ಕೋಡ್ ಹೊರಗೆ ಬಂತು. ರೌಟರ್‌ಗಳಿಗೆ ಮುಕ್ತ ತಂತ್ರಾಂಶ ರೂಪಿಸುವ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಹುಟ್ಟಿದ್ದು ಅಲ್ಲಿಂದ. ಅದೇ ಸಾಲಿನ ಡಬ್ಲ್ಯುಆರ್‌ಟಿ54ಜಿಎಲ್ ಹತ್ತು ವರ್ಷಕ್ಕೂ ಮಿಕ್ಕಿ ಮಾರಾಟದಲ್ಲಿತ್ತು. ಜನ ತಾವೇ ತಂತ್ರಾಂಶ ಬದಲಿಸಿಕೊಳ್ಳಬಹುದು ಎಂಬ ಕಾರಣಕ್ಕೇ ಅದನ್ನು ಕೊಳ್ಳುತ್ತಿದ್ದರು. ಕರ್ನಾಟಕಕ್ಕೂ ಇದು ಹೊಸ ವಿಷಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. ಅದರ ಅಮಿಡಾ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂತು. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ, ನಿಜ. ಆದರೆ ಅದನ್ನು ರೂಪಿಸಿದವರು ಯಂತ್ರಾಂಶದ ವಿನ್ಯಾಸಕ್ಕೂ ಮುಕ್ತ ಮಾದರಿಯ ಪರವಾನಗಿಯನ್ನು ಬರೆದಿದ್ದರು.

ಇನ್ನು ಯಂತ್ರ ಚಾಲೂ ಆದೊಡನೆ ಮೊದಲು ಓಡುವ ಬೂಟ್‌ಲೋಡರ್‌ನ ಬೀಗದ ವಿಷಯ. ನಿಮ್ಮ ಡಿಜಿಟಲ್ ಸಹಿ ಇಲ್ಲದ ಯಾವ ವ್ಯವಸ್ಥೆಯನ್ನೂ ಯಂತ್ರ ಒಪ್ಪುವುದಿಲ್ಲ. ಲಿನಕ್ಸ್‌ನದೇ ಇನ್ನೊಂದು ರೂಪವಾದ ಡೆಬಿಯನ್ ಹಾಕಿದರೂ ತಿರಸ್ಕರಿಸುತ್ತದೆ. ಸ್ಥಾಪನೆಗೆ ಬೇಕಾದ ಕೀಲಿಯನ್ನೂ ಕೊಡಬೇಕು ಎಂಬ ಸ್ಪಷ್ಟ ಷರತ್ತು ಬಂದದ್ದು 2007ರ ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿ. ಕರ್ನಲ್ ಎರಡನೆಯ ಆವೃತ್ತಿಯಲ್ಲೇ ಉಳಿದಿದೆ. ಆದ್ದರಿಂದ ಈ ಬೇಡಿಕೆಯನ್ನು ನಾನು ಪರವಾನಗಿಯ ಹೆಸರಿನಲ್ಲಿ ಇಡುತ್ತಿಲ್ಲ. ಹಣ ಕೊಟ್ಟು ಕೊಂಡ ವಸ್ತುವಿನ ಒಡೆಯರಾಗಿ ಇಡುತ್ತಿದ್ದೇವೆ. ಆ ಹಣ ಊರಿನವರು ಚಾಲಿ ಅಡಿಕೆ ಮಾರಿ ಬಂದದ್ದರಲ್ಲಿ ಎತ್ತಿಕೊಟ್ಟದ್ದು.

ನಮಗೆ ಮೊದಲು ಆಗಬೇಕಾದದ್ದು ಲಾಗಿನ್ ಇಲ್ಲದೆಯೇ ತೆರೆದುಕೊಳ್ಳುವ ಹಿಂದಿನ ಆವೃತ್ತಿಯ ಮರಳಿಕೆ. ಅದನ್ನು ಪೆನ್‌ಡ್ರೈವ್‌ನಿಂದ ಹಾಕಿಕೊಳ್ಳುವಂತೆ ಫೈಲ್ ರೂಪದಲ್ಲಿ ಕಳುಹಿಸಿ, ಹುಬ್ಬಳ್ಳಿಗೆ ಬರಲು ಹೇಳಬೇಡಿ. ಅದರ ಜೊತೆಗೆ ಯು-ಬೂಟ್, ಕರ್ನಲ್, ಬಿಸಿಬಾಕ್ಸ್‌ಗಳ ಪೂರ್ಣ ಸೋರ್ಸ್ ಕೋಡನ್ನು, ನೀವು ಮಾಡಿದ ತಿದ್ದುಪಡಿಗಳ ಸಮೇತ, ನಮಗೆ ಮಾತ್ರವಲ್ಲ, ಈ ಯಂತ್ರ ಕೊಂಡ ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಬೂಟ್‌ಲೋಡರ್‌ನ ಬೀಗ ತೆಗೆಯುವ ವಿಧಾನವನ್ನು ಲಿಖಿತವಾಗಿ ಕೊಡಿ. ಇವನ್ನು ಮಾಡಲಾಗದಿದ್ದರೆ ನಾಲ್ಕೂ ಯಂತ್ರಗಳನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ಒಯ್ದು ಪೂರ್ತಿ ಹಣ ಮರಳಿಸಿ.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಯೊಳಗೆ ಖಚಿತಪಡಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅವಧಿಯವರೆಗೆ ಕಾಯುತ್ತೇವೆ. ನಂತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ. ಕೊಂಡವರು ತಾವಿರುವ ಜಿಲ್ಲೆಯಲ್ಲಿಯೇ ದೂರು ಕೊಡಲು ಆ ಕಾಯ್ದೆ ಅವಕಾಶ ನೀಡಿದೆ. ನಿಮ್ಮ ಕಚೇರಿ ಎಲ್ಲಿದೆ ಎಂಬುದು ಅಡ್ಡಿಯಾಗದು. ದಾರಿತಪ್ಪಿಸುವ ಜಾಹೀರಾತು ಮತ್ತು ಸೇವಾ ನ್ಯೂನತೆ ಎರಡೂ ಆ ದೂರಿನಲ್ಲಿ ಇರುತ್ತವೆ.

ಫೋನಿನಲ್ಲಿ ಕೊಡುವ ಭರವಸೆ ನಮಗೆ ಬೇಡ. ಉತ್ತರವನ್ನು ಲಿಖಿತವಾಗಿ, ಸಹಿಯೊಂದಿಗೆ, ವಾಚನಾಲಯದ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿ. ಮಳೆಗಾಲದಲ್ಲಿ ಇ-ಮೇಲ್ ನಮ್ಮನ್ನು ತಲುಪುವ ಖಾತ್ರಿಯಿಲ್ಲ.

ಇಂತಿ,
ಕಾರ್ಯದರ್ಶಿ,
ಗ್ರಾಮ ವಾಚನಾಲಯದ ಸದಸ್ಯರ ಪರವಾಗಿ

ಲಗತ್ತು: ಖರೀದಿ ರಸೀದಿ, ವಾರಂಟಿ ಪತ್ರ, ಜಾಹೀರಾತಿನ ಮುದ್ರಿತ ಪ್ರತಿ, ನಾಲ್ಕೂ ಯಂತ್ರಗಳ ಬೂಟ್ ಲಾಗ್, ಸಹಾಯವಾಣಿಯ ಉತ್ತರಗಳ ಪ್ರತಿ.