ಸ್ಪೋರ್ಟ್ಸ್ ಬೈಕ್ ಕೊಡುವ ದಿನ ಅರ್ಧ ಗಂಟೆ ಹೇಳಿಕೊಡಲಿ

ಮಾನ್ಯ ಸಂಪಾದಕರೇ,

ಆಯುಧಪೂಜೆ, ದೀಪಾವಳಿ ಬಂತೆಂದರೆ ಬೈಕ್ ಶೋರೂಮುಗಳ ಮುಂದೆ ಹಾರ ಹಾಕಿಸಿಕೊಂಡ ಹೊಸ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಮುಂದಕ್ಕೆ ಬಾಗಿ ಕೂರಬೇಕಾದ, ಮೈತುಂಬ ಪ್ಲಾಸ್ಟಿಕ್ ಹೊದಿಕೆಯ ಸ್ಪೋರ್ಟ್ಸ್ ಬೈಕುಗಳು ನಮ್ಮ ದಾವಣಗೆರೆಯಲ್ಲೂ ಈಗ ಅಪರೂಪವಲ್ಲ. ಕಳೆದ ವರ್ಷ, ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ಮಗನ ಒತ್ತಾಯ ಎಂದು ಹೊರಗೆ ಹೇಳಿಕೊಂಡು, ನಿಜವಾಗಿ ನನ್ನದೇ ಹಳೆಯ ಆಸೆಗೆ ಮಣಿದು ಅಂಥದೊಂದನ್ನು ಕೊಂಡೆ. ಸಾಲದ ಕಂತು, ವಿಮೆ, ಹೆಚ್ಚುವರಿ ವಾರಂಟಿಗಳ ಬಗ್ಗೆ ಒಂದು ಗಂಟೆ ವಿವರಿಸಿದ ಶೋರೂಮಿನವರು, ಅದರ ಮೇಲೆ ಹೇಗೆ ಕೂರಬೇಕು, ಮನೆಯಲ್ಲಿ ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಐದು ನಿಮಿಷವನ್ನೂ ಕೊಡಲಿಲ್ಲ. ಬೀಗದ ಕೈ ಕೊಟ್ಟು, ಫೋಟೋ ತೆಗೆದು ಕಳಿಸಿದರು.

ಮೊದಲ ಸರ್ವಿಸ್ ಮುಗಿದ ವಾರವೇ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೊರಟೆ. ಸುಮಾರು 260 ಕಿಲೋಮೀಟರ್ ದಾರಿ. ಚಿತ್ರದುರ್ಗ ದಾಟುವಷ್ಟರಲ್ಲಿ ಮಣಿಕಟ್ಟು ನೋಯತೊಡಗಿತ್ತು. ಹಿರಿಯೂರಿನ ಹೊತ್ತಿಗೆ ಎರಡು ಕಿರುಬೆರಳುಗಳು ಜೋಮು ಹಿಡಿದವು. ಶಿರಾದಲ್ಲಿ ತಿಂಡಿಗೆಂದು ನಿಲ್ಲಿಸಿದಾಗ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯಬೇಕಾಯಿತು. ಸಕ್ಕರೆ ಕಾಯಿಲೆಯೇ ಇರಬೇಕೆಂದು ಹೆದರಿ, ಊರಿಗೆ ಮರಳಿದವನೇ ರಕ್ತ ಪರೀಕ್ಷೆಯನ್ನೂ ಮಾಡಿಸಿದೆ. ಸಕ್ಕರೆ ಸರಿಯಾಗಿಯೇ ಇತ್ತು. ಕೊನೆಗೆ ಕಾರಣ ಹೇಳಿದವರು ನಮ್ಮ ಓಣಿಯ ಹಳೆಯ ಮೆಕ್ಯಾನಿಕ್ ಒಬ್ಬರು. ಬೈಕಿನ ಮೇಲೆ ನನ್ನನ್ನು ಕೂರಿಸಿ, ಪಕ್ಕದಲ್ಲಿ ನಿಂತು ನೋಡಿ, ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳು ಮೇಲಕ್ಕೆ ಎದ್ದು ನಿಂತಿವೆ, ಹಾಗಾಗಿ ಪ್ರತಿ ಸಲವೂ ಮಣಿಕಟ್ಟನ್ನು ಹಿಂದಕ್ಕೆ ಮಡಚಿ ಹಿಡಿಯುತ್ತಿದ್ದೀರಿ ಎಂದರು. ಲಿವರ್ ಹಿಡಿಕೆಯ ಬೋಲ್ಟನ್ನು ಆಲನ್ ಕೀಯಿಂದ ಸಡಿಲಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ ನೇರ ಗೆರೆ ಬರುವಂತೆ ಲಿವರ್‌ಗಳನ್ನು ಕೆಳಕ್ಕೆ ತಿರುಗಿಸಿ ಬಿಗಿದರು. ಹತ್ತು ನಿಮಿಷದ ಕೆಲಸ, ಹಣವನ್ನೂ ತೆಗೆದುಕೊಳ್ಳಲಿಲ್ಲ.

ಅವರೇ ಹೇಳಿದ ಇನ್ನೊಂದು ಮಾತು ನನಗೆ ಲಿವರ್‌ಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ತಗ್ಗಿನಲ್ಲಿ ಇರುವುದರಿಂದ ಮೈಭಾರವೆಲ್ಲ ಅಂಗೈಗೆ ಬೀಳುತ್ತದೆ. ಮೊಣಕಾಲುಗಳಿಂದ ಪೆಟ್ರೋಲ್ ಟ್ಯಾಂಕನ್ನು ಅದುಮಿ ಹಿಡಿದು, ಸೊಂಟ ಮತ್ತು ಹೊಟ್ಟೆಯ ಬಲದಿಂದ ಮೈಯನ್ನು ಎತ್ತಿಕೊಂಡರೆ ಕೈ ಹಗುರಾಗುತ್ತದೆ, ಮೊಣಕೈ ತಾನಾಗಿಯೇ ಸಡಿಲಾಗುತ್ತದೆ. ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆ ಬಯಲಿನಲ್ಲಿ ಅಡ್ಡಗಾಳಿ ಬೀಸಿದಾಗ ಹೊದಿಕೆಯ ಬೈಕು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ, ಗಾಬರಿಯಿಂದ ಹ್ಯಾಂಡಲನ್ನು ಬಿಗಿಹಿಡಿದಷ್ಟೂ ಅದು ಹೆಚ್ಚು ತೊನೆಯುತ್ತದೆ. ಬೆನ್ನಿಗೆ ಹೊರುವ ಬ್ಯಾಗಿನ ಭಾರವೂ ಕೊನೆಗೆ ಮಣಿಕಟ್ಟಿಗೇ ಬರುವುದರಿಂದ ನಾನೀಗ ಅದನ್ನು ಹಿಂದಿನ ಸೀಟಿಗೆ ಕಟ್ಟುತ್ತೇನೆ. ಈ ವರ್ಗದಲ್ಲಿ ಹೆಚ್ಚು ಕಾಣಸಿಗುವ 155 ಸಿಸಿಯ ಯಮಹಾ ಆರ್15ರ ಟ್ಯಾಂಕಿಗೆ 11 ಲೀಟರ್ ಹಿಡಿಯುತ್ತದೆ, ಅಷ್ಟರಲ್ಲಿ ನಾನೂರು ಕಿಲೋಮೀಟರ್ ಹೋಗಬಹುದು ನಿಜ. ಆದರೆ ಸವಾರನ ಬೆನ್ನು ಅಷ್ಟು ದೂರ ತಾಳುವುದಿಲ್ಲ. ಎಂಬತ್ತು ಕಿಲೋಮೀಟರಿಗೊಮ್ಮೆ ಇಳಿದು, ಹೆಲ್ಮೆಟ್ ತೆಗೆದು, ನೀರು ಕುಡಿದು ನಾಲ್ಕು ಹೆಜ್ಜೆ ನಡೆಯುವುದು ನನ್ನ ಈಗಿನ ಲೆಕ್ಕ. ಇನ್ನು ಹಿಂದಿನ ಸೀಟಿನ ಸುಖದ ಬಗ್ಗೆ ನಾನು ಹೆಚ್ಚು ಹೇಳಲಾರೆ. ಒಂದೇ ಸಲ ಹರಿಹರದವರೆಗೆ ಬಂದ ನನ್ನ ಶ್ರೀಮತಿ, “ಏನ್ರೀ ಇದು, ಅಟ್ಟದ ಮೇಲೆ ಕೂರಿಸಿದ ಹಾಗಿದೆ” ಎಂದವಳು ಮರಳುವಾಗ ಬಸ್ ಹತ್ತಿದಳು.

ನಿರ್ವಹಣೆಯ ಮಾತಿಗೆ ಬಂದರೆ, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಚೈನು. ಇದಕ್ಕೆ ನಮ್ಮ ಹಳೆಯ ರೂಢಿಯೂ ಕಾರಣವೆಂದು ನನಗೆ ಅನ್ನಿಸುತ್ತದೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು, ಧೂಳು ಮಳೆ ತಾಗುತ್ತಿರಲಿಲ್ಲ. ಜೊತೆಗೆ ಸೆಂಟರ್ ಸ್ಟ್ಯಾಂಡ್ ಇತ್ತು, ಹಿಂದಿನ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಬಹುದಿತ್ತು. ಸ್ಪೋರ್ಟ್ಸ್ ಬೈಕಿನಲ್ಲಿ ಚೈನು ಬಯಲಿಗೆ ಬಿದ್ದಿರುತ್ತದೆ, ಸೆಂಟರ್ ಸ್ಟ್ಯಾಂಡ್ ಇರುವುದಿಲ್ಲ. ಹೀಗಾಗಿ ಐನೂರು ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲೇ, ಮೆದು ಬ್ರಶ್ಶಿನಿಂದ ಕೊಳೆ ತೆಗೆದು ಎಣ್ಣೆ ಹಾಕುವ ಕೆಲಸವನ್ನು ಬೈಕನ್ನು ಗೇಣುಗೇಣು ಮುಂದಕ್ಕೆ ತಳ್ಳುತ್ತಲೋ, ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಕೊಂಡೋ ಮಾಡಿಕೊಳ್ಳಬೇಕು. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಟ್ಟೆಯೊಂದಿಗೆ ಬೆರಳೂ ಸ್ಪ್ರಾಕೆಟ್ಟಿಗೆ, ಅಂದರೆ ಚೈನು ಸುತ್ತುವ ಹಲ್ಲಿನ ಚಕ್ರಕ್ಕೆ, ಸಿಕ್ಕರೆ ಕತೆ ಮುಗಿಯಿತು. ವಾಟರ್ ಸರ್ವಿಸ್ಸಿನಲ್ಲಿ ಜೋರು ನೀರು ಬಿಟ್ಟು, ಕೊನೆಯಲ್ಲಿ ಹೊಳಪಿಗೆಂದು ಡೀಸೆಲ್ ಸಿಂಪಡಿಸುವುದು ಚೈನಿನ ಕೊಂಡಿಗಳ ನಡುವಿನ ರಬ್ಬರ್ ಬಳೆಗಳಿಗೂ ಒಳ್ಳೆಯದಲ್ಲ, ಬ್ರೇಕ್ ಡಿಸ್ಕಿಗಂತೂ ಅಪಾಯ.

ಚೈನು ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂಬ ತಪ್ಪು ತಿಳಿವಳಿಕೆ ಸರ್ವಿಸ್ ಕೇಂದ್ರದಲ್ಲೂ ಇದ್ದದ್ದು ನನಗೆ ಆಶ್ಚರ್ಯ ತಂದಿತು. ಮೊದಲ ಸರ್ವಿಸ್‌ನಲ್ಲಿ “ಚೈನು ಟೈಟ್ ಮಾಡಿದ್ದೇವೆ ಸಾರ್” ಎಂದು ಅಭಿಮಾನದಿಂದಲೇ ಹೇಳಿ ಕೊಟ್ಟ ಬೈಕು, ಇಬ್ಬರು ಕೂತು ಹಂಪ್ ಹಾರಿಸಿದಾಗಲೆಲ್ಲ ಹಿಂದಿನಿಂದ ನರಳುವ ಸದ್ದು ಮಾಡುತ್ತಿತ್ತು. ಭಾರ ಬಿದ್ದು ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ಚೈನು ಇನ್ನಷ್ಟು ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಜಾಗವಿರಲಿ ಎಂದೇ ಕೆಳಗಿನ ಚೈನಿನ ನಡುಭಾಗ ಬೆರಳಲ್ಲಿ ಎತ್ತಿದರೆ ಇಂತಿಷ್ಟು ಮಿಲಿಮೀಟರ್ ಆಡಬೇಕೆಂದು ಕಂಪನಿಯೇ ಗೊತ್ತುಮಾಡಿರುತ್ತದೆ. ಆ ಆಟ ಇಲ್ಲದಿದ್ದರೆ ಚೈನು, ಸ್ಪ್ರಾಕೆಟ್ ಮಾತ್ರವಲ್ಲ, ಗೇರ್‌ಬಾಕ್ಸಿನ ಬೇರಿಂಗ್ ಕೂಡ ಬೇಗ ಸವೆಯುತ್ತದೆ. ನನ್ನ ಬೈಕಿನ ಅಳತೆ ಅದರ ಕೈಪಿಡಿಯಲ್ಲಿಯೇ ಇತ್ತು. ಓದಿದವರು ಯಾರೂ ಇರಲಿಲ್ಲ, ನಾನೂ ಸೇರಿದಂತೆ.

ಉಳಿದವು ಅಷ್ಟು ಕಷ್ಟದ ಕೆಲಸಗಳಲ್ಲ. ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ನೋಡಬೇಕು. ದೂರ ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸಿತೆಂದು ಗಾಳಿ ಬಿಟ್ಟರೆ, ತಣಿದ ಮೇಲೆ ಅದು ಕಡಿಮೆಯಾಗಿರುತ್ತದೆ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್ ಇರುವ ಬೈಕಿಗೆ ನಲ್ಲಿ ನೀರು ಸುರಿಯಬಾರದು, ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆಯಲೇಬಾರದು. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಮಟ್ಟ ಸರಿಯಿದ್ದರೂ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ಟೈರು ಮೊದಲ ನೂರು ಕಿಲೋಮೀಟರಿನಷ್ಟು ದೂರ ಜಾರುವುದರಿಂದ ಶೋರೂಮಿನಿಂದ ಹೊರಬಿದ್ದ ದಿನವೇ ತಿರುವಿನಲ್ಲಿ ವಾಲಿಸಬಾರದು. ಹೊಸ ಎಂಜಿನ್ನನ್ನು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬಾರದು, ಪೂರ್ತಿ ಎಕ್ಸಿಲೇಟರ್ ಕೊಡಬಾರದು. ಕೊನೆಯ ಈ ಎರಡನ್ನು ಬೈಕು ಕೊಟ್ಟ ದಿನವೇ ಹೇಳದಿದ್ದರೆ, ಮೊದಲ ಸರ್ವಿಸ್ಸಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಆದ್ದರಿಂದ ಮಾರಾಟಗಾರರಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ಬೈಕನ್ನು ಕೊಡುವ ದಿನ ಗ್ರಾಹಕರನ್ನು ಅದರ ಮೇಲೆ ಕೂರಿಸಿ, ಅವರ ಕೈಗೆ ಒಗ್ಗುವಂತೆ ಲಿವರ್‌ಗಳನ್ನು ಹೊಂದಿಸಿ, ಚೈನಿನ ಆಟವನ್ನು ಅವರ ಬೆರಳಿನಿಂದಲೇ ಒಮ್ಮೆ ಅಳೆಯಿಸಿ. ಕೊಳ್ಳುವ ಮೊದಲಿನ ಟೆಸ್ಟ್ ರೈಡನ್ನು ಶೋರೂಮಿನ ಸುತ್ತ ಒಂದು ಸುತ್ತಿಗೆ ಮುಗಿಸದೆ, ಬೈಪಾಸಿನಲ್ಲಿ ಅರ್ಧ ಗಂಟೆ ಓಡಿಸಲು ಬಿಟ್ಟರೆ ಮಣಿಕಟ್ಟು ತಾಳುತ್ತದೆಯೋ ಇಲ್ಲವೋ ಎಂಬುದು ಹಣ ಕಟ್ಟುವ ಮೊದಲೇ ಗೊತ್ತಾಗುತ್ತದೆ. ಇದರಿಂದ ಕೆಲವು ವ್ಯಾಪಾರ ತಪ್ಪಿದರೂ ತಪ್ಪೀತು, ಅದನ್ನು ನಾನು ಬಲ್ಲೆ. ನನ್ನ ಬೈಕಿನೊಂದಿಗೆ ಬಂದ ದಪ್ಪ ಕೈಪಿಡಿಯಲ್ಲಿ ಕನ್ನಡದ ಒಂದು ಸಾಲೂ ಇಲ್ಲ. ಪೂರ್ತಿ ಕೈಪಿಡಿಯನ್ನು ಕನ್ನಡಕ್ಕೆ ತರುವುದು ತಡವಾಗುವುದಾದರೆ, ಚೈನು, ಟೈರು, ಎಣ್ಣೆ, ಬ್ರೇಕುಗಳ ಆ ನಾಲ್ಕು ಪುಟಗಳನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿಸಿ, ಟೂಲ್ ಕಿಟ್ಟಿನ ಜೊತೆ ಸೀಟಿನ ಕೆಳಗೆ ಇಟ್ಟು ಕೊಡಲಿ.

ಇತಿ ತಮ್ಮ ವಿಶ್ವಾಸಿ,
ಓದುಗ, ದಾವಣಗೆರೆ