ಗೆರೆ ಎಳೆದ ಐದನೆಯ ಸಾಲು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಅಮೆರಿಕದ ಕಾಲೇಜುಗಳ ಅರ್ಜಿಗೆಂದು ನೀನು ಬರೆದ ಪಠ್ಯೇತರ ಚಟುವಟಿಕೆಗಳ ಪಟ್ಟಿಯನ್ನು ಎರಡು ಸಲ ಓದಿದೆ. ಐದನೆಯ ಸಾಲಿನಲ್ಲಿ ತಮ್ಮನನ್ನು ನೋಡಿಕೊಳ್ಳುವ ವಿಷಯ ಬರೆದು, ಆಮೇಲೆ ಅದರ ಮೇಲೆ ಗೆರೆ ಎಳೆದಿದ್ದೀಯೆ. ಗೆಳತಿಯ ಪಟ್ಟಿಯಲ್ಲಿ ಪಿಟೀಲು, ಕುದುರೆ ಸವಾರಿ, ಸಂಶೋಧನಾ ಶಿಬಿರಗಳಿರುವಾಗ ಇದನ್ನು ತೋರಿಸಲು ನಿನಗೆ ನಾಚಿಕೆಯಾಯಿತೆಂದು ನಿನ್ನ ಅಪ್ಪ ಹೇಳಿದ.

ಆ ಗೆರೆಯನ್ನು ಅಳಿಸು. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಲ್ಲಿಸುವ ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಯ ಬಗೆಯನ್ನು ಆರಿಸುವ ಕಡೆ ಸಂಬಳದ ಕೆಲಸಕ್ಕೂ ಮನೆಯ ಜವಾಬ್ದಾರಿಗೂ ಪ್ರತ್ಯೇಕ ಸ್ಥಾನವಿದೆ. ಹತ್ತು ಚಟುವಟಿಕೆಗಳವರೆಗೆ ಬರೆಯಬಹುದು, ಆದರೆ ಹತ್ತನ್ನೂ ತುಂಬಲೇಬೇಕೆಂದಿಲ್ಲ. ಮ್ಯಾಸಚೂಸೆಟ್ಸ್‌ನ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಂಐಟಿಯ ಸ್ವಂತ ಅರ್ಜಿಯಂತೂ ನಾಲ್ಕಕ್ಕಿಂತ ಹೆಚ್ಚು ಕೇಳುವುದೇ ಇಲ್ಲ. ಪ್ರತಿಯೊಂದರ ವಿವರಣೆಗೆ ಕಾಮನ್ ಆ್ಯಪ್ ಕೊಡುವುದು 150 ಅಕ್ಷರಗಳಷ್ಟು ಜಾಗ. ‘ತಮ್ಮನಿಗೆ ಸಹಾಯ ಮಾಡುತ್ತೇನೆ’ ಎಂದರೆ ಓದುವವರಿಗೆ ಏನೂ ಕಾಣಿಸುವುದಿಲ್ಲ. ‘ಅಮ್ಮನಿಗೆ ರಾತ್ರಿ ಪಾಳಿ, ಎಂಟು ವರ್ಷದ ತಮ್ಮನನ್ನು ಶಾಲೆಯಿಂದ ಕರೆತಂದು, ಅಡುಗೆ ಮಾಡಿ, ಗಣಿತ ಹೇಳಿಕೊಡುತ್ತೇನೆ’ ಎಂದರೆ ಒಂದು ಸಂಜೆಯೇ ಕಣ್ಣಿಗೆ ಕಟ್ಟುತ್ತದೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಕೇಳುವಲ್ಲಿ ದಿನಕ್ಕೆ ಮೂರರಂತೆ ಐದು ದಿನಕ್ಕೆ 15 ಗಂಟೆ ಎಂದು ಪ್ರಾಮಾಣಿಕವಾಗಿ ಬರೆ, ಉಬ್ಬಿಸಬೇಡ, ಕುಗ್ಗಿಸಲೂಬೇಡ. ಗೆಳತಿಯ ಪಿಟೀಲನ್ನು ಹಗುರವಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ, ಅವಳೂ ಗಂಟೆಗಟ್ಟಲೆ ಅಭ್ಯಾಸ ಮಾಡಿಯೇ ಕಲಿತಿದ್ದಾಳೆ. ಆದರೆ ಅವಳಿಗಿದ್ದ ಸಂಜೆ ನಿನಗಿರಲಿಲ್ಲ, ಮತ್ತು ಅದನ್ನು ನೀನು ಬರೆಯದಿದ್ದರೆ ಓದುವವರಿಗೆ ತಿಳಿಯುವ ದಾರಿಯಿಲ್ಲ. ನಿನ್ನ ಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಕೌನ್ಸೆಲರ್ ಬಳಿಯೂ ಇದನ್ನು ಹೇಳು. ಅವರ ಶಿಫಾರಸು ಪತ್ರದಲ್ಲಿ ಇದು ಬಂದರೆ ನಿನ್ನ ಮಾತಿಗೆ ಇನ್ನೊಬ್ಬರ ಸಾಕ್ಷಿ ಸಿಕ್ಕಂತಾಗುತ್ತದೆ.

ಶಿಬಿರದ ವಿಷಯದಲ್ಲಿ ನಾನೇ ಒಮ್ಮೆ ಎಡವಿದವನು. ಹೆಸರಾಂತ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ನಡೆಯುತ್ತದೆ ಎಂಬ ಒಂದೇ ಕಾರಣಕ್ಕೆ, ಸಾಲ ಮಾಡಿ ಮಗನನ್ನು ಮೂರು ವಾರದ ಬೇಸಿಗೆ ಶಿಬಿರಕ್ಕೆ ಕಳುಹಿಸಿದೆ. ಶುಲ್ಕ ಕಟ್ಟಿದವರಿಗೆಲ್ಲ ಬಹುಮಟ್ಟಿಗೆ ಅಲ್ಲಿ ಸ್ಥಳವಿತ್ತು, ಹಾಗಾಗಿ ಅಲ್ಲಿ ಇದ್ದುಬಂದದ್ದು ಪ್ರವೇಶಕ್ಕೆ ಅರ್ಹತೆಯಾಗಲಿಲ್ಲ. ಸಾಲದ ಕಂತು ಮಾತ್ರ ಎರಡು ವರ್ಷ ನಡೆಯಿತು. ನಿನಗೆ ಬೇಸಿಗೆಯಲ್ಲಿ ಕಲಿಯುವ ಆಸೆಯಿದ್ದರೆ, ಶುಲ್ಕವಿಲ್ಲದ, ಆಯ್ಕೆ ಬಲು ಕಠಿಣವಾದ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಎಂಬ ಬೇಸಿಗೆ ಶಿಬಿರ ಇದೆ, ಎಂಐಟಿಯ ಮೈಟ್ಸ್ ಎಂಬ ಕಾರ್ಯಕ್ರಮ ಇದೆ. ಅವುಗಳಿಗೆ ಅರ್ಜಿ ಹಾಕು. ಸಿಗದಿದ್ದರೆ ಅಂಗಡಿಯ ಗಲ್ಲಾದ ಕೆಲಸವನ್ನೇ ಮುಂದುವರಿಸು, ಅದನ್ನೂ ಪಟ್ಟಿಗೆ ಸೇರಿಸು.

ಅರ್ಜಿ ಶುಲ್ಕದ ವಿನಾಯಿತಿ ಕೇಳುವಾಗ ಸಂಕೋಚ ಬೇಡ. ಅಮೆರಿಕ ಸರ್ಕಾರದ ಆರ್ಥಿಕ ನೆರವಿಗೆ ಹಾಕುವ ಎಫ್‌ಎಎಫ್‌ಎಸ್‌ಎ ಅರ್ಜಿಯನ್ನು ಅಪ್ಪನ ಜೊತೆ ಕುಳಿತು ತುಂಬು. ಅವನು ಇಂಥವನ್ನು ಕೊನೆಯ ದಿನದವರೆಗೆ ತಳ್ಳುವವನೆಂದು ನನಗೆ ಚಿಕ್ಕಂದಿನಿಂದ ಗೊತ್ತು. ತಿದ್ದಿದ ಪಟ್ಟಿಯನ್ನು ಭಾನುವಾರದೊಳಗೆ ಕಳುಹಿಸು, ಅಕ್ಷರ ಎಣಿಸಿ ಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ